ಮನೆಯ ಮೊಲ ಸತ್ತಾಗ

(ನೀಲಗಿರಿಯ ತೋಟ ಕಾರ್ಮಿಕರ ತಿಂಗಳ ಕೂಟದಲ್ಲಿ ಉಪದೇಶಿಯೊಬ್ಬರು ಆಡಿದ ಮಾತುಗಳು)



ಈ ಸಲ ನಾನು ಬೋನಸ್ಸಿನ ಲೆಕ್ಕದ ಮೇಲೆ ಮಾತನಾಡಬೇಕೆಂದು ನಿಶ್ಚಯವಾಗಿತ್ತು. ಕಾರ್ಯದರ್ಶಿಗಳು ಅದನ್ನು ಆಗಲೇ ನನಗಿಂತ ಚೆನ್ನಾಗಿ ವಿವರಿಸಿದ್ದಾರೆ. ಅರೆದ ಹಿಟ್ಟನ್ನೇ ಮತ್ತೆ ಅರೆಯುವುದು ಬೇಡ. ನನ್ನ ಪಾಲಿಗೆ ಬಂದ ಅರ್ಧ ಗಂಟೆಯನ್ನು ಬೇರೊಂದು ಸಂಗತಿಗೆ ಉಪಯೋಗಿಸಿಕೊಳ್ಳುತ್ತೇನೆ. ನಮ್ಮ ಮನೆಯ ಒಂದು ಮೊಲ ಕಾಯಿಲೆಯಾಗಿ ಸತ್ತ ಸಂಗತಿ ಅದು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ನಗಿ, ಪರವಾಯಿಲ್ಲ. ಎರಡು ವರ್ಷದ ಹಿಂದೆ ಬೇರೆ ಯಾರಾದರೂ ಇಲ್ಲಿ ನಿಂತು ಈ ಮಾತು ಎತ್ತಿದ್ದರೆ ನಾನೂ ನಗುತ್ತಿದ್ದೆ.

ಆ ಮೊಲವನ್ನು ತಂದುಕೊಟ್ಟವನು ನನ್ನ ಭಾವಮೈದುನ. ಅವನು ಕೇತ್ತಿ ಕಣಿವೆಯಲ್ಲಿ ಕ್ಯಾರೆಟ್ ತೊಳೆಯುವ ಕಡೆ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಒಬ್ಬರು ಮಾಂಸಕ್ಕಾಗಿ ಮೊಲ ಸಾಕುತ್ತಾರೆ. ನಮ್ಮ ಬೆಟ್ಟದಲ್ಲಿ ಇದು ಹೊಸದೇನಲ್ಲ. ಊಟಿಯ ಆಚೆ ಸ್ಯಾಂಡಿನಲ್ಲಾದ ಕುರಿ ತಳಿ ಸಂಶೋಧನಾ ಕೇಂದ್ರದಲ್ಲಿಯೂ ಚಿಂಚಿಲ್ಲಾ, ವೈಟ್ ಜಯಂಟ್ ಎಂಬ ದೊಡ್ಡ ಜಾತಿಯ ಮೊಲಗಳನ್ನು ಸಾಕುತ್ತಾರೆ. ಅಂಗಿಯ ಜೇಬಿನೊಳಗೆ ಕೂರುವಷ್ಟು ಮರಿಯನ್ನು ನನ್ನ ಕಿರಿಯ ಮಗಳ ಕೈಯಲ್ಲಿಟ್ಟು, ದೊಡ್ಡದಾದ ಮೇಲೆ ಸಾರು ಮಾಡಿ ಎಂದು ಅವನು ಹೇಳಿ ಹೋದ. ಮಗಳು ಅದಕ್ಕೆ ಅದೇ ದಿನ ಚುಕ್ಕಿ ಎಂದು ಹೆಸರಿಟ್ಟಳು. ಬೂದು ಮೈ, ಹಣೆಯ ಮೇಲೆ ಒಂದೇ ಒಂದು ಬಿಳಿ ಮಚ್ಚೆ. ಹೆಸರಿಟ್ಟ ಮೇಲೆ ಸಾರಿನ ಮಾತು ಮುಗಿಯಿತು.

ಗೂಡನ್ನು ನಾನೇ ಮಾಡಿದೆ. ಹಳೆಯ ಟೀ ಪೆಟ್ಟಿಗೆಯ ಹಲಗೆ, ಕೋಳಿ ಬಲೆಯ ತುಂಡು, ನಾಲ್ಕು ಸಿಲ್ವರ್ ಓಕ್ ಕಾಲು. ಲೈನ್ ಮನೆಯ ಹಿಂದಿನ ಸೂರಿನ ಕೆಳಗೆ ಇಟ್ಟೆವು. ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು ಅಲ್ಲಿಗೆ ಓಡುತ್ತಿದ್ದಳು. ಅವಳ ಹೆಜ್ಜೆಯ ಸದ್ದು ಆ ಮೊಲಕ್ಕೆ ಗೊತ್ತಿತ್ತು. ಅವಳು ಮೆಟ್ಟಿಲು ಇಳಿಯುವಾಗಲೇ ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತಿತ್ತು. ನಾನು ಹೋದರೆ ಎದ್ದು ನಿಲ್ಲುತ್ತಿರಲಿಲ್ಲ. ನನ್ನ ಹೆಂಡತಿ ಎಲೆ ಕಿತ್ತು ಬಂದು ತೂಕದ ಜಗಳದಲ್ಲಿ ಸಿಟ್ಟಾಗಿದ್ದ ಸಂಜೆ ಕೂಡ, ಅದಕ್ಕೆಂದು ಸೆರಗಿನಲ್ಲಿ ಕಿಕುಯು ಹುಲ್ಲು ಕಟ್ಟಿಕೊಂಡೇ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಯಾರ ಮೇಲೂ ಯಾರೂ ಕೂಗಾಡದೆ ಕೂರುತ್ತಿದ್ದ ಜಾಗವೆಂದರೆ ಆ ಗೂಡಿನ ಮುಂದಿನ ಕಲ್ಲು.

ಕಳೆದ ಅಕ್ಟೋಬರ್ ಕೊನೆಯಲ್ಲಿ ನಮ್ಮ ಕಡೆ ಹಿಂಗಾರು ಮಳೆ ಹಿಡಿದದ್ದು ನಿಮಗೆ ನೆನಪಿರಬಹುದು. ಭಾನುವಾರ ಪೂಜೆ ಮುಗಿಸಿ ಬಂದು ನಾನು ಗೂಡನ್ನು ನೀರು ಹಾಕಿ ತಿಕ್ಕಿ ತೊಳೆದೆ. ಬಿಸಿಲಿಲ್ಲ. ಒಣಗುವ ತನಕ ಕಾಯುವ ತಾಳ್ಮೆಯೂ ಇಲ್ಲ. ಒದ್ದೆ ಹಲಗೆಯ ಮೇಲೆಯೇ ಗೋಣಿ ಹಾಕಿ ಮೊಲವನ್ನು ಒಳಗೆ ಬಿಟ್ಟೆ. ಮಂಗಳವಾರ ಅದು ಸೀನತೊಡಗಿತು. ಮೊದಲು ಕಂಡವಳು ಮಗಳು. "ಅಪ್ಪ, ಚುಕ್ಕಿ ಮುಂಗಾಲು ಯಾವಾಗಲೂ ಒದ್ದೆ ಇರುತ್ತೆ ಯಾಕೆ?" ಎಂದಳು. ನಾನು ಮಳೆ ಎಂದೆ. ಮೊಲ ನೆಗಡಿಯಾದಾಗ ಮೂಗನ್ನು ಮುಂಗಾಲಿನ ಒಳಬದಿಯಿಂದ ಒರೆಸಿಕೊಳ್ಳುತ್ತದೆ, ಅದರಿಂದ ಅಲ್ಲಿಯ ಕೂದಲು ಅಂಟು ಅಂಟಾಗುತ್ತದೆ ಎಂಬುದು ನನಗೆ ಆಗ ತಿಳಿಯದು.

ಈಗ ನಿಜವಾದ ಮಾತಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕದ ಹಲಗೆಯ ಮೇಲೆ ಒಂದು ಡಬ್ಬಿಯಿದೆ. ನಿಮ್ಮ ಮನೆಯಲ್ಲಿಯೂ ಇದೆ, ಇಲ್ಲವೆನ್ನಬೇಡಿ. ತಿಂದು ಉಳಿದ ಮಾತ್ರೆಗಳ ಡಬ್ಬಿ. ಎದೆಗೆ ಕಫ ಕಟ್ಟಿದಾಗ ಡಾಕ್ಟರು ಐದು ದಿನಕ್ಕೆಂದು ಬರೆದುಕೊಟ್ಟ ಅಮಾಕ್ಸಿಸಿಲಿನ್ ಕ್ಯಾಪ್ಸೂಲನ್ನು ನಾನು ಮೂರು ದಿನಕ್ಕೆ ನಿಲ್ಲಿಸಿದ್ದೆ. ಜ್ವರ ಬಿಟ್ಟಿತು, ಉಳಿದದ್ದು ಮುಂದೆ ಆದೀತು ಎಂಬ ಉಳಿತಾಯ. ಆ ಕ್ಯಾಪ್ಸೂಲನ್ನು ಬಿಚ್ಚಿ, ಒಳಗಿನ ಪುಡಿಯಲ್ಲಿ ಒಂದು ಚಿಟಿಕೆಯನ್ನು ಬಾಳೆಹಣ್ಣಿನಲ್ಲಿ ಕಲೆಸಿ, ಬುಧವಾರ ಬೆಳಿಗ್ಗೆಯಿಂದ ಎರಡು ಹೊತ್ತು ಅದಕ್ಕೆ ತಿನ್ನಿಸಿದೆ. ದನದ ಆಸ್ಪತ್ರೆಗೆ ಹೋಗಿ ಬರಲು ಅರ್ಧ ದಿನದ ಕೂಲಿ ಹೋಗುತ್ತದೆ. ಮನೆಯಲ್ಲಿಯೇ ಔಷಧವಿರುವಾಗ ಏಕೆ ಹೋಗಬೇಕು? ಮಗಳಿಗೆ ಎಷ್ಟು ಸಂತೋಷವೆಂದರೆ, ಪಕ್ಕದ ಮನೆಯ ಹುಡುಗಿಗೆ "ನಮ್ಮಪ್ಪನೇ ಡಾಕ್ಟರ್" ಎಂದು ಹೇಳಿ ಬಂದಳು. ಗುರುವಾರ ಸೀನು ಕಡಿಮೆಯಾಯಿತು. ನನಗೂ ಸ್ವಲ್ಪ ಹೆಮ್ಮೆ ಬಂತು.

ಶುಕ್ರವಾರ ಮೊಲ ಹುಲ್ಲು ಮುಟ್ಟಲಿಲ್ಲ. ಗೂಡಿನ ಕೆಳಗೆ ದಿನವೂ ಕಡಲೆಕಾಳಿನ ಹಾಗೆ ಉದುರಿರುತ್ತಿದ್ದ ಹಿಕ್ಕೆ ಇಲ್ಲ. ಬದಲಿಗೆ ನೀರು ನೀರಾದ ಭೇದಿ. ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತು ಹಲ್ಲು ಕಡಿಯುತ್ತಿತ್ತು. ಕಿವಿ ತಣ್ಣಗಿತ್ತು. ಮಗಳು ಸ್ವೆಟರ್ ಬಿಚ್ಚಿ ಸುತ್ತಿದಳು. ಆ ಸಂಜೆ ನನಗೆ ಸಂಘದ ಸಭೆ. "ಬೆಳಿಗ್ಗೆ ನೋಡೋಣ ಮಗಾ" ಎಂದು ಹೇಳಿ ಕೊಡೆ ಹಿಡಿದು ಹೊರಟೆ. ಹೋಗುವ ಮುಂಚೆ ಮತ್ತೊಂದು ಚಿಟಿಕೆ ಪುಡಿಯನ್ನು ನೀರಿನಲ್ಲಿ ಕದಡಿ ಬಾಯಿಗೆ ಬಿಟ್ಟೆ, ಅದನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಎದ್ದಾಗ ಸ್ವೆಟರಿನೊಳಗೆ ಅದು ಸೆಟೆದುಕೊಂಡಿತ್ತು.

ಅಂದು ಮಗಳಿಗೆ ನಾನು ಹೇಳಿದ ಮಾತು ಇಷ್ಟೇ: "ದೇವರು ಕರೆದುಕೊಂಡರು." ಉಪದೇಶಿಯ ಬಾಯಿಗೆ ಆ ಮಾತು ಬೇಗ ಬರುತ್ತದೆ. ಎಷ್ಟು ಮನೆಗಳಲ್ಲಿ ಹೇಳಿದ್ದೇನೆ! ಅವಳು ಕೇಳಿದಳು: "ಅವರಿಗೆ ಚುಕ್ಕಿ ಯಾಕೆ ಬೇಕಿತ್ತು?" ಅದಕ್ಕೆ ನಾನು ಏನೋ ಹೇಳಿದೆ, ಏನೆಂದು ನನಗೇ ನೆನಪಿಲ್ಲ. ಬೇಲಿಯ ಬದಿಯಲ್ಲಿ, ನಾಯಿ ಕೆದಕದಷ್ಟು ಆಳವಾಗಿ ಗುಂಡಿ ತೋಡಿ ಹೂಳಿದೆವು.

ಎರಡು ವಾರ ಕಳೆದು ನಮ್ಮ ತೋಟಕ್ಕೆ ದನಗಳಿಗೆ ಲಸಿಕೆ ಹಾಕಲು ಡಾಕ್ಟರಮ್ಮ ಬಂದರು. ದನ ಹಿಡಿದುಕೊಳ್ಳುತ್ತ ಸುಮ್ಮನೆ ಕೇಳಿದೆ, ಮೊಲಕ್ಕೆ ನೆಗಡಿಯಾದರೆ ಸಾಯುತ್ತದೆಯೇ ಎಂದು. ಅವರು ತಿರುಗಿ ಕೇಳಿದ ಮೊದಲ ಪ್ರಶ್ನೆ, "ಬಾಯಿಗೆ ಏನಾದರೂ ಔಷಧ ಹಾಕಿದಿರಾ?" ನಾನು ಹೆಸರು ಹೇಳಿದೆ. ಅವರು ಸಿರಿಂಜನ್ನು ಪೆಟ್ಟಿಗೆಯಲ್ಲಿಟ್ಟು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಬೈಯದೆ ವಿವರಿಸಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ಏಕೆಂದರೆ ಇಲ್ಲಿ ಮೊಲ ಸಾಕುವ ಮನೆಗಳು ಐದಾರಿವೆ. ಮೊಲದ ಹೊಟ್ಟೆಯಲ್ಲಿ, ಸಣ್ಣ ಕರುಳು ದೊಡ್ಡ ಕರುಳು ಸೇರುವಲ್ಲಿ, ಚೀಲದಂತಹ ಒಂದು ಭಾಗವಿದೆ. ಹುಲ್ಲಿನ ನಾರು ಅಲ್ಲಿ ಕೊಳೆತು ಆಹಾರವಾಗಬೇಕು. ಆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಒಳ್ಳೆಯ ಕ್ರಿಮಿಗಳು. ಹೀಗೆ ತಯಾರಾದದ್ದು ಮೆತ್ತನೆಯ ಹಿಕ್ಕೆಯಾಗಿ ಹೊರಬರುವಾಗ ಮೊಲ ಅದನ್ನು ಬಾಯಿ ಹಾಕಿ ಮತ್ತೆ ತಿನ್ನುತ್ತದೆ. ಅಸಹ್ಯಪಡಬೇಡಿ, ಅದರ ಜೀವಸತ್ವ ಇರುವುದೇ ಅದರಲ್ಲಿ. ಪೆನ್ಸಿಲಿನ್ ಜಾತಿಯ ಔಷಧವನ್ನು, ಅಂದರೆ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮುಂತಾದವನ್ನು ಬಾಯಿಯ ಮೂಲಕ ಕೊಟ್ಟರೆ ಆ ಒಳ್ಳೆಯ ಕ್ರಿಮಿಗಳು ಸಾಯುತ್ತವೆ. ಅವು ಸತ್ತ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಜಾತಿ ಬೆಳೆದು ವಿಷ ಉಗುಳುತ್ತದೆ. ಭೇದಿ, ಚಳಿ, ಸಾವು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದನ್ನು ಹೊರಗೆ ಹಾಕುವ ದಾರಿಯೇ ಇಲ್ಲ. ಇದೇ ಜಾತಿಯ ಔಷಧವನ್ನು ಕೆಲವು ಸಲ ಡಾಕ್ಟರು ಸೂಜಿಯಿಂದ ಚರ್ಮದ ಕೆಳಗೆ ಕೊಡುವುದುಂಟು. ಬಾಯಿಯ ದಾರಿಯೇ ಮಾರಕ. ನೆಗಡಿಗೆ ಬಾಯಿಯಿಂದಲೇ ಕೊಡಬಹುದಾದ ಬೇರೆ ಔಷಧಗಳೂ ಇವೆ, ಅವು ಅವರ ಆಸ್ಪತ್ರೆಯಲ್ಲಿಯೇ ಇದ್ದವು.

1940ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಪೆನ್ಸಿಲಿನ್ನನ್ನು ಮೊದಲು ಎಂಟು ಇಲಿಗಳ ಮೇಲೆ ಪರೀಕ್ಷಿಸಿದರು. ರೋಗ ಹತ್ತಿಸಿದ ಎಂಟರಲ್ಲಿ ಔಷಧ ಕೊಟ್ಟ ನಾಲ್ಕು ಉಳಿದವು, ಕೊಡದ ನಾಲ್ಕು ಸತ್ತವು. ಅದೇ ಔಷಧ ಗಿನಿಪಿಗ್‌ಗೆ ವಿಷವೆಂದು ಆಮೇಲೆ ಕಂಡುಬಂತು. ಇಲಿಯ ಬದಲು ಗಿನಿಪಿಗ್ ಹಿಡಿದಿದ್ದರೆ ಇದು ಕೆಲಸಕ್ಕೆ ಬಾರದ್ದೆಂದು ಬಿಟ್ಟುಬಿಡುತ್ತಿದ್ದರೋ ಏನೋ. ನನ್ನ ಎದೆಯ ಕಫ ಇಳಿಸಿದ ಪುಡಿ ನನ್ನ ಮಗಳ ಮೊಲವನ್ನು ಕೊಂದಿತು. ಪುಡಿಯ ತಪ್ಪೇನೂ ಇಲ್ಲ.

ಆ ದಿನ ಮನೆಗೆ ನಡೆದು ಬರುವಾಗ ನನ್ನನ್ನು ಚುಚ್ಚಿದ್ದು ಮೊಲದ ಸಾವಿಗಿಂತ ಹೆಚ್ಚಾಗಿ ನನ್ನ ಆ ಮಾತು. ಬಂಧುಗಳೇ, ನಾವು ಸಂಘದಲ್ಲಿ ಯಾವುದಕ್ಕೆ ಜಗಳವಾಡುತ್ತೇವೆ? ನೆರಳು ಮರದ ಕೊಂಬೆ ಕಡಿಯಲು ಹಗ್ಗವಿಲ್ಲದೆ ಹತ್ತಿಸಿದವನು ಬಿದ್ದರೆ, ಮುಖಕ್ಕೆ ಬಟ್ಟೆಯೂ ಇಲ್ಲದೆ ಔಷಧ ಸಿಂಪಡಿಸಿದವಳು ತಲೆ ಸುತ್ತಿ ಬಿದ್ದರೆ, ಯಾರಾದರೂ ಮೆಲ್ಲನೆ ಬಂದು "ದೇವರ ಚಿತ್ತ, ಏನು ಮಾಡುವುದು" ಎನ್ನುತ್ತಾರೆ. ಆಗ ಮೊದಲು ಎದ್ದು ನಿಲ್ಲುವವನು ನಾನು. ಹಗ್ಗ ಕೊಡದವರ ತಪ್ಪನ್ನು ದೇವರ ಮೇಲೆ ಹಾಕಬೇಡಿ ಎಂದು ಮೇಜು ಕುಟ್ಟಿ ಹೇಳಿದ್ದೇನೆ. ಅದೇ ನಾನು ನನ್ನ ಮನೆಯ ಹಿತ್ತಲಲ್ಲಿ, ಹತ್ತು ವರ್ಷದ ಮಗುವಿನ ಮುಂದೆ, ನನ್ನ ಕೈಯಿಂದಾದದ್ದನ್ನು ಅವರ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದೆ. ಶುಕ್ರವಾರ ನನಗೆ ತಿಳಿದಿರಲಿಲ್ಲ, ನಿಜ. ಆದರೆ ಒದ್ದೆ ಗೂಡು ನನಗೆ ಗೊತ್ತಿತ್ತು. ಕೇಳದೆ ಔಷಧ ಕೊಟ್ಟದ್ದು ಗೊತ್ತಿತ್ತು. ಸಭೆಗೆ ಹೋದದ್ದೂ ಗೊತ್ತಿತ್ತು.

ಹೇಳಬೇಡಿ ಎಂದಳು ನನ್ನ ಹೆಂಡತಿ. ಮಗು ಈಗ ತಾನೇ ಊಟ ಮಾಡತೊಡಗಿದೆ, ಮತ್ತೆ ಏಕೆ ಕೆದಕುತ್ತೀರಿ ಎಂದು. ಅವಳ ಮಾತಿನಲ್ಲಿಯೂ ನ್ಯಾಯವಿತ್ತು. ಎರಡು ದಿನ ತಡೆದೆ. ಮೂರನೆಯ ಸಂಜೆ ಆ ಕಲ್ಲಿನ ಮೇಲೆ ಮಗಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. "ನಿಂಗೆ ಅವತ್ತೇ ಗೊತ್ತಿತ್ತಾ ಅಪ್ಪ?" ಎಂದಳು. ಇಲ್ಲವೆಂದೆ. "ಮತ್ತೆ ದೇವರು ಅಂತ ಯಾಕೆ ಹೇಳಿದೆ?" ಅದಕ್ಕೆ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ನಾಲ್ಕು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಜ್ಞಾನೋಪದೇಶದ ತರಗತಿಯಲ್ಲಿ ಮುಂದಿನ ಸಾಲಿನಲ್ಲಿಯೇ ಕೂತು, ನಾನು ಪ್ರಶ್ನೆ ಕೇಳಿದರೆ ಗೋಡೆ ನೋಡುತ್ತಿದ್ದಳು. ಆ ನಾಲ್ಕು ದಿನ ನನಗೆ ಸಲ್ಲಬೇಕಾದದ್ದೇ.

ಆಗ ನಮ್ಮ ನಿವೃತ್ತ ಮೇಷ್ಟರು ನನಗೆ ಒಬ್ಬ ಇಂಗ್ಲಿಷ್ ಕವಿಯ ಕಥೆ ಹೇಳಿದರು. ವಿಲಿಯಂ ಕೂಪರ್ ಎಂದು ಹೆಸರು. 1731ರಲ್ಲಿ ಹುಟ್ಟಿ 1800ರಲ್ಲಿ ತೀರಿಕೊಂಡವರು. ಜಾನ್ ನ್ಯೂಟನ್ ಅವರ ಜೊತೆ ಸೇರಿ 1779ರಲ್ಲಿ ಪ್ರಾರ್ಥನಾ ಗೀತೆಗಳ ಪುಸ್ತಕ ಹೊರಡಿಸಿದವರು. ಗುಲಾಮರ ವ್ಯಾಪಾರದ ವಿರುದ್ಧ ಕವಿತೆ ಬರೆದವರು. ಅವರಿಗೆ ಮನಸ್ಸಿನ ಕಾಯಿಲೆ ಇತ್ತು. 1773ರಲ್ಲಿ ಅದು ಬಹಳ ಕೆರಳಿತು. ಮರುವರ್ಷ ಓಲ್ನಿ ಎಂಬ ಊರಿನಲ್ಲಿ ನೆರೆಮನೆಯ ಮಕ್ಕಳ ಬಳಿ ಒಂದು ಕಾಡುಮೊಲದ ಮರಿ ಸರಿಯಾದ ಆರೈಕೆಯಿಲ್ಲದೆ ಸೊರಗುತ್ತಿತ್ತು. ಅದರ ತಂದೆ, ಅಂದರೆ ಆ ಮಕ್ಕಳ ತಂದೆ, ತಂದು ಇವರಿಗೆ ಕೊಟ್ಟ. ಸುದ್ದಿ ಹಬ್ಬಿ ಊರಿನವರೆಲ್ಲ ಮರಿ ತಂದುಕೊಡಲು ಬಂದರಂತೆ. ಮೂರನ್ನು ಇಟ್ಟುಕೊಂಡರು. ಪುಸ್, ಟೈನಿ, ಬೆಸ್ ಎಂದು ಹೆಸರು. ಹೆಣ್ಣು ಹೆಸರಿದ್ದರೂ ಮೂರೂ ಗಂಡು. ಅವರೇ ಕೈಯಾರೆ ಬಡಗಿ ಕೆಲಸ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಮನೆ ಕಟ್ಟಿದರು. ಪುಸ್‌ಗೆ ಒಮ್ಮೆ ಮೂರು ದಿನ ಕಾಯಿಲೆಯಾದಾಗ ಬೇರೆಯಾಗಿ ಇಟ್ಟು ಶುಶ್ರೂಷೆ ಮಾಡಿ ಉಳಿಸಿದರು. ಗುಣವಾದ ಮೇಲೆ ಅದು ಅವರ ಕೈಯನ್ನು ಬೆರಳು ಬೆರಳಿನ ನಡುವೆಯೂ ಬಿಡದಂತೆ ನೆಕ್ಕಿತಂತೆ. ಇದನ್ನೆಲ್ಲ ಅವರು 1784ರಲ್ಲಿ ಒಂದು ಪತ್ರಿಕೆಗೆ ಬರೆದರು.

ನನ್ನನ್ನು ತಡೆದು ನಿಲ್ಲಿಸಿದ್ದು ಬೆಸ್‌ನ ಸಾವು. ಪೂರ್ತಿ ಬೆಳೆದ ಸ್ವಲ್ಪ ದಿನಕ್ಕೇ ಅದು ಸತ್ತುಹೋಯಿತು. ಕಾರಣವನ್ನು ಕೂಪರ್ ಮುಚ್ಚಿಡಲಿಲ್ಲ: ತೊಳೆದ ಪೆಟ್ಟಿಗೆ ಒಣಗುವ ಮುಂಚೆ ಅದನ್ನು ಒಳಗೆ ಬಿಟ್ಟದ್ದು. ಸುಮಾರು ಇನ್ನೂರ ಐವತ್ತು ವರ್ಷದ ಹಿಂದಿನ ಒದ್ದೆ ಪೆಟ್ಟಿಗೆ! ಮೇಷ್ಟರು ಅದನ್ನು ಓದಿ ಹೇಳುವಾಗ ನಾನು ನನ್ನ ಟೀ ಪೆಟ್ಟಿಗೆಯ ಹಲಗೆಯನ್ನೇ ನೋಡುತ್ತಿದ್ದೆ. ಟೈನಿ ಒಂಬತ್ತು ವರ್ಷ ಬಾಳಿ, ಬಿದ್ದ ಪೆಟ್ಟಿನಿಂದ ಸತ್ತಿತೆಂದು ಅವರ ಅಂದಾಜು. ಪುಸ್ ಹನ್ನೆರಡು ವರ್ಷಕ್ಕೆ ಒಂದು ತಿಂಗಳು ಕಡಿಮೆ ಬಾಳಿ, 1786ರ ಮಾರ್ಚ್ 9ರಂದು ಮುಪ್ಪಿನಿಂದ ತೀರಿಕೊಂಡಿತು. ಆ ದಿನವನ್ನೂ ಹೊತ್ತನ್ನೂ ಅವರು ಬರೆದಿಟ್ಟಿದ್ದರು. ಇದನ್ನು ಮಗಳಿಗೆ ಹೇಳಿದೆ. ಅವಳು ಮಾತು ಬಿಟ್ಟ ಮೇಲೆ ಆಡಿದ ಮೊದಲ ಮಾತು, "ಅವರ ಮನೇಲಿ ಯಾರೂ ಬೈಯಲಿಲ್ವಾ?"

ಕೂಪರರ ಮೊಲ ಬೇರೆ, ನಮ್ಮದು ಬೇರೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವರದು ಬಯಲಿನ ಕಾಡುಮೊಲ. ಮರಿ ಹುಟ್ಟುವಾಗಲೇ ಕೂದಲಿದ್ದು ಕಣ್ಣು ತೆರೆದಿರುತ್ತದೆ. ನಾವು ಗೂಡಿನಲ್ಲಿ ಸಾಕುವುದು ಸ್ಪೇನ್, ಪೋರ್ಚುಗಲ್ ಕಡೆಯಿಂದ ಬಂದ ಬಿಲದ ಮೊಲದ ಸಂತತಿ. ಅದರ ಮರಿ ಬೆತ್ತಲೆಯಾಗಿ ಕಣ್ಣು ಮುಚ್ಚಿಯೇ ಹುಟ್ಟುತ್ತದೆ. ಎರಡಕ್ಕೂ ಒಂದು ಗುಣ ಸಮಾನ. ಹದ್ದು ನರಿಗಳಿಗೆ ಹೆದರಿ ಬದುಕಿದ ಪ್ರಾಣಿ ತನ್ನ ನೋವನ್ನು ತೋರಿಸುವುದಿಲ್ಲ. ನಮ್ಮ ಕಣ್ಣಿಗೆ ಕಾಯಿಲೆ ಕಾಣುವ ಹೊತ್ತಿಗೆ ಬಹಳ ಹೊತ್ತಾಗಿರುತ್ತದೆ. ನೂರು ಡಿಗ್ರಿ ಜ್ವರವಿದ್ದರೂ ಹಾಜರಿ ಹೋಗಬಾರದೆಂದು ಎಲೆ ಕೀಳಲು ಇಳಿಯುವ ನಮ್ಮ ಹೆಂಗಸರ ಮುಂದೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಸಾಕುವವರು ದಿನವೂ ಹಿಕ್ಕೆ ನೋಡಿ. ಅರ್ಧ ದಿನ ಮೊಲ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಬೆಳಿಗ್ಗೆ ನೋಡೋಣ ಎನ್ನಬೇಡಿ. ಅದರ ಕರುಳು ನಿಲ್ಲಬಾರದು. ಕ್ಯಾರೆಟ್ ನಮ್ಮಲ್ಲಿ ಪುಕ್ಕಟೆ ಸಿಗುತ್ತದೆಂದು ಬುಟ್ಟಿಗಟ್ಟಲೆ ಸುರಿಯುವುದು ತಪ್ಪು, ಅದರಲ್ಲಿ ಸಕ್ಕರೆ ಹೆಚ್ಚು. ಹುಲ್ಲೇ ಮುಖ್ಯ. ಅದರ ಹಲ್ಲು ಸಾಯುವ ತನಕ ಬೆಳೆಯುತ್ತಿರುತ್ತದೆ, ಹುಲ್ಲು ಅರೆದರೇ ಸವೆಯುವುದು. ತಾಯಿಯ ಹಾಲು ಬಿಟ್ಟ ಮರಿಗಳಿಗೆ ರಕ್ತಭೇದಿಯಂತಹ ಒಂದು ಕಾಯಿಲೆ ಬರುತ್ತದೆ. ಕಾಕ್ಸಿಡಿಯ ಎಂಬ ಅದರ ಬೀಜ ಹಿಕ್ಕೆಯಲ್ಲಿ ಬಿದ್ದು, ಒದ್ದೆ ಜಾಗದಲ್ಲಿ ಒಂದೆರಡು ದಿನದಲ್ಲಿ ಬಲಿತು ಮತ್ತೆ ಬಾಯಿ ಸೇರುತ್ತದೆ. ದಿನವೂ ಗುಡಿಸಿ ಒಣಗಿಸಿದರೆ ಅದು ಬಲಿಯಲಾರದು. ಮೊಲ ಸತ್ತ ಗೂಡಿಗೆ ಕುದಿಯುವ ನೀರು ಹೊಯ್ದು ಬಿಸಿಲಿಗಿಡಿ. ಬಿಸಿಲು ಬರುವ ತನಕ ಕಾಯಿರಿ.

ಒಂದು ಮೊಲಕ್ಕೆ ಇಷ್ಟು ಮಾತೇ, ಮನುಷ್ಯರ ಕಷ್ಟ ಮುಗಿಯಿತೇ ಎಂದು ಕೇಳುವವರಿಗೆ ಹೇಳುವುದಿದೆ. 1992ರಲ್ಲಿ ಪ್ರಕಟವಾದ ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2416ರಿಂದ 2418ರ ತನಕ ಪ್ರಾಣಿಗಳ ವಿಷಯವಿದೆ. ಅವುಗಳಿಗೆ ದಯೆ ತೋರಿಸುವ ಋಣ ನಮ್ಮ ಮೇಲಿದೆಯೆಂದೂ, ಅನಾವಶ್ಯಕವಾಗಿ ನರಳಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲವೆಂದೂ ಅಲ್ಲಿದೆ. ಬಡವರಿಗೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದು ಸರಿಯಲ್ಲವೆಂದೂ ಅಲ್ಲಿಯೇ ಇದೆ. ಎರಡನ್ನೂ ನಾನು ಒಪ್ಪುತ್ತೇನೆ. ಡಾಕ್ಟರಮ್ಮನ ಬಳಿಗೆ ಹೋಗಿ ಕೇಳಿದ್ದರೆ ನನಗೆ ಹೋಗುತ್ತಿದ್ದದ್ದು ಅರ್ಧ ದಿನದ ಕೂಲಿ.

ನವೆಂಬರ್ 2ರ ಸಂಗತಿಯೊಂದು ಉಳಿದಿದೆ. ಸಕಲ ಮೃತರ ಸ್ಮರಣೆಯ ದಿನ ಸಮಾಧಿಗಳಿಗೆ ಹೋಗಿ ಬಂದೆವು. ಆಗಿನ್ನೂ ನನಗೆ ನಿಜ ತಿಳಿದಿರಲಿಲ್ಲ. ಉಳಿದ ಒಂದು ಮೇಣದ ಬತ್ತಿ ಹಿಡಿದು ಮಗಳು, "ಚುಕ್ಕಿಗೂ ಹಚ್ಚಬಹುದಾ?" ಎಂದು ಕೇಳಿದಳು. ಉಪದೇಶಿಯಾಗಿ ನಾನು ಏನು ಹೇಳಬೇಕಿತ್ತೋ ಅದನ್ನು ಹುಡುಕುತ್ತಿರುವಾಗಲೇ ಅವಳು ಬೇಲಿಯ ಬಳಿ ಹೋಗಿದ್ದಳು. ಮಳೆ ಹನಿಯುತ್ತಿತ್ತು. ನಾನು ಹಿಂದೆ ಹೋಗಿ ಕೊಡೆ ಹಿಡಿದೆ. ಬತ್ತಿ ಮೂರು ಸಲ ಆರಿತು, ನಾಲ್ಕನೆಯ ಸಲ ಹತ್ತಿತು.

ಅವಳಿಗೆ ಈಗ ಮತ್ತೊಂದು ಮರಿ ಬೇಡವಂತೆ. ಭಾವಮೈದುನ ತಂದದ್ದನ್ನು ವಾಪಸು ಕಳಿಸಿದಳು. ಗೂಡು ಖಾಲಿಯಾಗಿ ಒಣಗಿ ನಿಂತಿದೆ. ನಿನ್ನೆ ನಾನು ಹಲಗೆಯ ಮೇಲಿನ ಡಬ್ಬಿಯನ್ನು ಇಳಿಸಿ ಉಳಿದ ಮಾತ್ರೆಗಳನ್ನೆಲ್ಲ ತೆಗೆಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತು, ಒಂದೊಂದರ ಹೆಸರನ್ನೂ ಓದಿ ಹೇಳಿದಳು. ನನಗೆ ಕನ್ನಡಕವಿಲ್ಲದೆ ಆ ಸಣ್ಣ ಅಕ್ಷರ ಕಾಣುವುದಿಲ್ಲ. ಹದಿನೇಳು ಇದ್ದವು. ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇನೆ. ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ಡಬ್ಬಿಯಲ್ಲಿರುವುದನ್ನೂ ತನ್ನಿ, ತೋಟದ ಆಸ್ಪತ್ರೆಯ ಕಂಪೌಂಡರರು ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಚಹಾ ಬಂದ ಹಾಗಿದೆ. ಮೊಲ ಸಾಕಿರುವವರು ಹೋಗುವ ಮುಂಚೆ ನನ್ನನ್ನು ಒಮ್ಮೆ ಕಾಣಿ.